ಘಾಟಿ ಹತ್ತುವ ಕಾರಿನಲ್ಲಿ ಏನಿರಬೇಕು, ಎಲ್ಲಿರಬೇಕು

(ಮಳೆಗಾಲಕ್ಕೆ ಮುಂಚೆ ಹಾಸನದಲ್ಲಿ ಕಾರು ಮಾಲೀಕರೂ ಚಾಲಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

2018ರ ಜೂನ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ನೂರಾರು ವಾಹನಗಳು ಮುಂದಕ್ಕೂ ಹೋಗಲಾಗದೆ, ಹಿಂದಕ್ಕೂ ತಿರುಗಲಾಗದೆ ರಾತ್ರಿಯೆಲ್ಲ ಅಲ್ಲೇ ನಿಂತವು. ಮೇಲಿನಿಂದ ಮಳೆ, ಸುತ್ತ ಕತ್ತಲೆ, ಕಾರು ಬಸ್ಸುಗಳ ತುಂಬ ಮಕ್ಕಳು, ವಯಸ್ಸಾದವರು. ಸುತ್ತಲಿನ ಊರುಗಳ ಹುಡುಗರು ನೀರು, ತಿಂಡಿ ಹೊತ್ತುಕೊಂಡು ಬಂದು ಹಂಚಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಶಿರಾಡಿಯೂ ಮುಚ್ಚಿತು, ಕೊಡಗಿನಲ್ಲಿ ಗುಡ್ಡಗಳೇ ಇಳಿದವು. ಮರುವರ್ಷ ಮತ್ತೆ ಚಾರ್ಮಾಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು, ರಸ್ತೆ ಬದಿಯ ಚಹಾದಂಗಡಿಯಲ್ಲಿದ್ದವರನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು.

ಶಿರೂರಿನಂಥ ಕಡೆ ಗುಡ್ಡದ ಅಡಿಗೆ ಸಿಕ್ಕವರನ್ನು ಯಾವ ತುರ್ತುಚೀಲವೂ ಉಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಳೆ ಜೋರಾಗಿರುವಾಗ, ರಸ್ತೆಗಾಗಿ ನೆಟ್ಟಗೆ ಕಡಿದ ಧರೆಯ ಕೆಳಗೆ ಚಹಾಕ್ಕೆಂದಾಗಲಿ, ಫೋಟೋಕ್ಕೆಂದಾಗಲಿ, ಮಂಜು ತಿಳಿಯಾಗಲಿ ಎಂದಾಗಲಿ ಗಾಡಿ ನಿಲ್ಲಿಸಬೇಡಿ. ಧರೆಯಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ನಿನ್ನೆವರೆಗೆ ತಿಳಿಯಾಗಿದ್ದ ಝರಿ ಇವತ್ತು ಕೆಂಪಾಗಿ ಹರಿಯುತ್ತಿದ್ದರೆ, ನೆಟ್ಟಗಿದ್ದ ಮರ ರಸ್ತೆ ಕಡೆ ವಾಲಿದ್ದರೆ ಅಲ್ಲಿಂದ ಕದಲಿಬಿಡಿ. ನಾನು ಇವತ್ತು ಮಾತಾಡುವುದು ಅಂಥ ಕುಸಿತದ ಹಿಂದೆ ಕಿಲೋಮೀಟರುಗಟ್ಟಲೆ ಸಾಲಿನಲ್ಲಿ ಸಿಕ್ಕಿಕೊಳ್ಳುವವರ ಬಗ್ಗೆ. ಯಾವ ಕುಸಿತವೂ ಇಲ್ಲದೆ, ಒಂದು ಟೈರು ಹೋಗಿ ರಾತ್ರಿ ಹನ್ನೊಂದಕ್ಕೆ ತಿರುವಿನಲ್ಲಿ ನಿಂತುಬಿಟ್ಟವರ ಬಗ್ಗೆಯೂ.

ಸಕಲೇಶಪುರದ ಕಡೆ ಗ್ಯಾರೇಜು ನಡೆಸುವವನು ನಾನು. ಕೆಟ್ಟು ನಿಂತ ಗಾಡಿಗಳ ಹತ್ತಿರ ಹೋಗುವುದೇ ನನ್ನ ಕೆಲಸ. ಹೋದಲ್ಲೆಲ್ಲ ಕಾಣುವುದು ಒಂದೇ: ಬೇಕಾದ ವಸ್ತು ಕಾರಿನಲ್ಲಿ ಇರುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ತ್ರಿಕೋನದ ಫಲಕ ಡಿಕ್ಕಿಯ ತಳದಲ್ಲಿ, ಅದರ ಮೇಲೆ ಮದುವೆಗೆ ಹೊರಟವರ ಸೂಟ್‌ಕೇಸು, ತೆಂಗಿನಕಾಯಿ ಚೀಲ. ಫಸ್ಟ್ ಏಡ್ ಪೆಟ್ಟಿಗೆ ಎಲ್ಲಿದೆಯೆಂದು ಗೊತ್ತಿರುವುದು ಚಾಲಕನೊಬ್ಬನಿಗೆ, ಗಾಯವಾಗಿರುವುದೂ ಅವನಿಗೇ. ಹೀಗಾಗಿ ತುರ್ತುಚೀಲಕ್ಕೆ ಏನೇನು ಕೊಳ್ಳಬೇಕು ಎನ್ನುವ ಪಟ್ಟಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಕತ್ತಲಲ್ಲಿ, ಮಳೆಯಲ್ಲಿ, ನಿಮ್ಮ ಮನೆಯವರಲ್ಲಿ ಯಾರಾದರೂ ಒಬ್ಬರು ಹತ್ತು ನಿಮಿಷದೊಳಗೆ ಅದನ್ನು ತೆಗೆದು ಬಳಸಬಲ್ಲರೇ? ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಮೊದಲು, ಕೂತಲ್ಲಿಂದಲೇ ಕೈಗೆ ಸಿಗಬೇಕಾದವು. ಟಾರ್ಚು, ಗಾಜು ಒಡೆಯುವ ಉಪಕರಣ, ಸೀಟ್ ಬೆಲ್ಟ್ ಕತ್ತರಿಸುವ ಬ್ಲೇಡು, ಬೆಂಕಿ ಆರಿಸುವ ಸಿಲಿಂಡರು, ಫಸ್ಟ್ ಏಡ್. ಇವು ಡಿಕ್ಕಿಗೆ ಹೋಗಲೇಬಾರದು.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನಿಂತಿದ್ದ ಮಳೆನೀರಿಗೆ ಕಾರು ಸಿಕ್ಕಿ ಒಬ್ಬ ಯುವತಿ ತೀರಿಕೊಂಡರು. ರಾಜಧಾನಿಯ ನಟ್ಟನಡುವೆ, ವಿಧಾನಸೌಧದ ಹತ್ತಿರ, ಹಗಲಿನಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೊಣಕಾಲು ಮಟ್ಟದ ನೀರಿಗೇ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಹೊರಗಿನ ನೀರು ಬಾಗಿಲನ್ನು ಒತ್ತಿ ಹಿಡಿಯುವುದರಿಂದ ಒಳಗಿನಿಂದ ತಳ್ಳಿದರೆ ತೆರೆಯುವುದು ಬಹಳ ಕಷ್ಟ. ಪವರ್ ವಿಂಡೋ ಎಷ್ಟು ಹೊತ್ತು ಕೆಲಸ ಮಾಡುತ್ತದೆಯೋ ಹೇಳಲಾಗದು. ಆದ್ದರಿಂದ ನೀರು ಏರುತ್ತಿದೆ ಎಂದು ಕಂಡ ಕ್ಷಣವೇ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ನೀವೂ ಹೊರಬನ್ನಿ. ಫೋನ್ ಮಾಡುವುದು ಆಮೇಲೆ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ನಡುವಿಗಲ್ಲ. ಮುಂದಿನ ಗಾಜಿಗೆ ಹೊಡೆದು ಸಮಯ ಕಳೆಯಬೇಡಿ. ಅದು ಎರಡು ಪದರದ ನಡುವೆ ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜು, ಬಿರುಕು ಬಿಡುತ್ತದೆಯೇ ಹೊರತು ಕಳಚುವುದಿಲ್ಲ. ಈಚಿನ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಆಗಿರುತ್ತದೆ. ಗಾಜಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಮನೆಗೆ ಹೋದ ಮೇಲೆ ಓದಿ ನೋಡಿ. ಸುತ್ತಿಗೆಯಂಥದ್ದಕ್ಕಿಂತ, ಒತ್ತಿದರೆ ಒಳಗಿನ ಸ್ಪ್ರಿಂಗ್ ಮೊಳೆಯನ್ನು ಚಿಮ್ಮಿಸುವ ಸಣ್ಣ ಉಪಕರಣವೇ ಒಳ್ಳೆಯದು. ನೀರು ತುಂಬಿದಾಗ ಕೈ ಬೀಸಲು ಬಲ ಸಿಗುವುದಿಲ್ಲ, ಒತ್ತಲು ಸಿಗುತ್ತದೆ. ಅದನ್ನು ಕೀಲಿಗೊಂಚಲಿಗೋ ಚಾಲಕನ ಬಾಗಿಲ ಜೇಬಿಗೋ ಕಟ್ಟಿಡಿ. ಸೀಟಿನ ತಲೆದಿಂಬು ಕಿತ್ತು ಗಾಜು ಒಡೆಯುವ ವಿಡಿಯೋಗಳನ್ನು ನಂಬಿ ಕೂರಬೇಡಿ. ಎಷ್ಟೋ ಕಾರುಗಳಲ್ಲಿ ಅದನ್ನು ಕೀಳುವುದಕ್ಕೇ ಎರಡು ಕೈ, ಒಂದಷ್ಟು ಹೊತ್ತು ಬೇಕು.

ಬೆಂಕಿಯದ್ದು ಇನ್ನೊಂದು. ಒಂದು ಕಿಲೋದ, ಎಬಿಸಿ ಎಂದು ಬರೆದಿರುವ ಪುಡಿಯ ಸಿಲಿಂಡರು, ಐಎಸ್ಐ ಗುರುತಿನದ್ದು, ಮುಂದಿನ ಸೀಟಿನ ಬಳಿ ಅಲುಗಾಡದಂತೆ ಬಿಗಿದಿರಬೇಕು. ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಆಗಾಗ ನೋಡಬೇಕು. ಬಾನೆಟ್ಟಿನಿಂದ ಹೊಗೆ ಬಂದರೆ ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಿ. ಬಾನೆಟ್ಟನ್ನು ಪೂರಾ ಎತ್ತಬೇಡಿ. ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಒಳಗಿನ ಲಿವರ್ ಎಳೆದಾಗ ಆಗುವ ಸಂದಿಯಿಂದಲೇ ಪುಡಿ ಊದಬೇಕು. ಒಂದು ಕಿಲೋ ಪುಡಿ ಕೆಲವೇ ಸೆಕೆಂಡಿಗೆ ಮುಗಿಯುತ್ತದೆ. ಅಷ್ಟರಲ್ಲಿ ಆರದಿದ್ದರೆ ಕಾರನ್ನು ಬಿಟ್ಟುಬಿಡಿ.

ಇನ್ನು ರಸ್ತೆಯ ಮೇಲೆ ಇಡಬೇಕಾದದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಕೆಟ್ಟು ನಿಂತ ಗಾಡಿಗಿಂತ ಅದಕ್ಕೆ ಹಿಂದಿನಿಂದ ಬಂದು ಗುದ್ದುವ ಗಾಡಿಯೇ ಜೀವ ತೆಗೆಯುವುದು.

ನಮ್ಮ ಲಾರಿಯವರು ಗಾಡಿ ಕೆಟ್ಟರೆ ಹಿಂದೆ ಮುಂದೆ ಮರದ ಸೊಪ್ಪು ಕಡಿದು ಹಾಕುತ್ತಾರೆ, ದಪ್ಪ ಕಲ್ಲು ಸಾಲಾಗಿ ಇಡುತ್ತಾರೆ. ಸೊಪ್ಪು ಕಂಡ ಕೂಡಲೇ ಮುಂದೆ ಗಾಡಿ ನಿಂತಿದೆ ಎಂದು ಘಾಟಿಯ ಚಾಲಕರಿಗೆಲ್ಲ ಅರ್ಥವಾಗುತ್ತದೆ. ಹಗಲಿಗೆ ಇದು ಒಳ್ಳೆಯ ಪದ್ಧತಿ. ರಾತ್ರಿಗೆ ಸಾಲದು, ಸೊಪ್ಪು ಹೊಳೆಯುವುದಿಲ್ಲ. ಕಲ್ಲಂತೂ ಬೇಡವೇ ಬೇಡ. ಗಾಡಿ ಸರಿಹೋದ ಮೇಲೆ ಹೊರಡುವ ಅವಸರದಲ್ಲಿ ಕಲ್ಲು ಅಲ್ಲೇ ಉಳಿಯುತ್ತದೆ, ರಾತ್ರಿ ಬೈಕಿನಲ್ಲಿ ಬರುವವನು ಅದಕ್ಕೆ ಬೀಳುತ್ತಾನೆ. ದಾರಿಯಲ್ಲಿ ಅಂಥ ಕಲ್ಲು ಕಂಡರೆ, ಸುರಕ್ಷಿತವಾಗಿ ನಿಲ್ಲಿಸಲು ಜಾಗವಿದ್ದರೆ, ದಯವಿಟ್ಟು ಇಳಿದು ಬದಿಗೆ ಸರಿಸಿ.

ಹೊಳೆಯುವ ಕೆಂಪು ತ್ರಿಕೋನವನ್ನು ಹೊಸ ಕಾರಿನ ಜೊತೆಗೇ ಕೊಟ್ಟಿರುತ್ತಾರೆ. ಅನೇಕರು ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರುವುದಿಲ್ಲ. ಒಮ್ಮೆ ಬಿಚ್ಚಿ, ಜೋಡಿಸಿ, ನಿಲ್ಲಿಸಿ ನೋಡಿ. ಬುಡ ಹಗುರವಾಗಿದ್ದರೆ ಬಸ್ಸು ಹೋದ ಗಾಳಿಗೇ ಮಗುಚುತ್ತದೆ, ಆಗ ಭಾರವಾದ ಇನ್ನೊಂದನ್ನು ಕೊಳ್ಳಿ. ಘಾಟಿಗೆ ಎರಡಿದ್ದರೆ ಇನ್ನೂ ಒಳ್ಳೆಯದು.

ಎಷ್ಟು ದೂರ ಇಡಬೇಕು? ಲೆಕ್ಕ ಹಾಕೋಣ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬರುತ್ತದೆ. ಚಾಲಕ ಕಂಡು, ಅರ್ಥಮಾಡಿಕೊಂಡು, ಬ್ರೇಕ್ ತುಳಿಯುವುದಕ್ಕೆ ಎರಡು ಸೆಕೆಂಡ್ ಹಿಡಿದರೂ 44 ಮೀಟರ್ ಹೋಯಿತು. ಗಾಡಿ ನಿಲ್ಲುವುದಕ್ಕೆ ಮತ್ತಷ್ಟು ದೂರ ಬೇಕು, ರಸ್ತೆ ಒದ್ದೆಯಿದ್ದರೆ ಇನ್ನೂ ಹೆಚ್ಚು. ಕಾರಿನ ಹಿಂದೆ ಹತ್ತು ಹೆಜ್ಜೆಗೆ ಇಟ್ಟ ತ್ರಿಕೋನದಿಂದ ಏನು ಪ್ರಯೋಜನ? ಹೆದ್ದಾರಿಯಲ್ಲಿ ನೂರು ಮೀಟರ್, ಅಂದರೆ ಸುಮಾರು 140 ಹೆಜ್ಜೆ ಹಿಂದಕ್ಕೆ ನಡೆಯಿರಿ. ಘಾಟಿಯಲ್ಲಿ ಮೀಟರಿನ ಲೆಕ್ಕ ಬಿಟ್ಟುಬಿಡಿ. ತಿರುವಿಗೆ ಬರುವ ಮುಂಚೆಯೇ ಕಾಣುವಂತೆ, ತಿರುವಿನ ಆಚೆಗೆ ಇಡಿ. ನಡೆಯುವಾಗ ತ್ರಿಕೋನವನ್ನು ಬರುವ ಗಾಡಿಗಳ ಕಡೆಗೆ ಎದೆಮಟ್ಟಕ್ಕೆ ಹಿಡಿದುಕೊಳ್ಳಿ. ಮೈಮೇಲೆ ರೇಡಿಯಂ ಜಾಕೆಟ್ ಇರಲಿ. ರಸ್ತೆ ಕೆಲಸದವರು ಹಾಕಿಕೊಳ್ಳುತ್ತಾರಲ್ಲ, ಅದೇ. ಕಪ್ಪು ರೇನ್‌ಕೋಟು ಹಾಕಿಕೊಂಡು ರಾತ್ರಿ ಟೈರು ಬಿಚ್ಚುವವನು ಹಿಂದಿನ ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಈ ಜಾಕೆಟ್ ಇರಬೇಕಾದದ್ದು ಬಾಗಿಲ ಜೇಬಿನಲ್ಲಿ. ರಸ್ತೆಗೆ ಕಾಲಿಡುವ ಮುಂಚೆಯೇ ತೊಡಬೇಕಾದದ್ದು ಅದು.

ಉಳಿದವರು ಎಡಬಾಗಿಲಿನಿಂದ ಇಳಿದು, ಎಕ್ಸ್‌ಪ್ರೆಸ್‌ವೇ ಆದರೆ ಕಬ್ಬಿಣದ ತಡೆಯ ಆಚೆಗೆ ಹೋಗಿ ನಿಲ್ಲಬೇಕು. ಕಾರಿನ ಹಿಂದೆ ಯಾರೂ ನಿಲ್ಲಬಾರದು. ಕಾಡಿನ ರಸ್ತೆಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಬಂಡೀಪುರದ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಒಂಬತ್ತಕ್ಕೆ ಸ್ವಲ್ಪ ಮುಂಚೆ ಒಳಗೆ ಹೋಗಿ ಗಾಡಿ ಕೆಟ್ಟರೆ ಇಳಿಯಬೇಡಿ, ಹಾರ್ನ್ ಬಾರಿಸುತ್ತಾ ಕೂರಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಗಾಜು ಏರಿಸಿ, ಹಾದುಹೋಗುವ ಗಾಡಿಯವರ ಮೂಲಕ ಚೆಕ್‌ಪೋಸ್ಟಿಗೆ ಸುದ್ದಿ ಕಳಿಸಿ.

ಟೈರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. 2020ರಲ್ಲಿ ನಿಯಮ ಬದಲಾಗಿ, ಟೈರಿನ ಗಾಳಿ ತಿಳಿಸುವ ವ್ಯವಸ್ಥೆಯೂ ಪಂಚರ್ ಕಿಟ್ಟೂ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು ಎಂದಾಯಿತು. ಗಾಡಿ ಕೊಂಡು ಎಷ್ಟೋ ದಿನವಾದ ಮೇಲೆ ಇದು ಗೊತ್ತಾಗಿ ಬೆಚ್ಚಿದವರನ್ನು ನೋಡಿದ್ದೇನೆ. ಅಂಥ ಕಿಟ್ಟಿನಲ್ಲಿ ಬರುವ ಅಂಟುದ್ರವಕ್ಕೆ ಅವಧಿ ಇದೆ, ಡಬ್ಬಿಯ ಮೇಲಿನ ದಿನಾಂಕ ನೋಡಿ. ಮೊಳೆ ಚುಚ್ಚಿದ ರಂಧ್ರಕ್ಕೆ ಅದು ಆಗುತ್ತದೆ. ಕಲ್ಲಿಗೆ ಉಜ್ಜಿ ಟೈರಿನ ಪಕ್ಕೆ ಸೀಳಿದರೆ ಆಗುವುದಿಲ್ಲ, ಘಾಟಿಯಲ್ಲಿ ಹೆಚ್ಚಾಗಿ ಆಗುವುದು ಇದೇ. ಹಾಗಾಗಿ ಜಾಗವಿದ್ದರೆ ಒಂದು ಸ್ಟೆಪ್ನಿ ಕೊಂಡು ಇಟ್ಟುಕೊಳ್ಳಿ ಎನ್ನುತ್ತೇನೆ, ಖರ್ಚಾದರೂ ಸರಿಯೇ.

ಸ್ಟೆಪ್ನಿ ಇರುವವರು ಅದಕ್ಕೂ ಗಾಳಿ ಹಿಡಿಸಿ. ಬಂಕಿನಲ್ಲಿ ನಾಲ್ಕು ಟೈರಿಗೆ ಹಿಡಿಸಿ ಐದನೆಯದನ್ನು ಮರೆಯುವುದು ಬಹಳ ಕಾರುಗಳ ಕಥೆ. ಬೇಕಾದಾಗ ತೆಗೆದರೆ ಅದೂ ಚಪ್ಪಟೆ. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯಾದರೆ ಅದರ ಮೇಲೇ 80 ಎಂದು ಬರೆದಿರುತ್ತದೆ, ಅದಕ್ಕಿಂತ ವೇಗ ಬೇಡ. ಜಾಕಿಯ ಜೊತೆ ಒಂದೂವರೆ ಅಂಗುಲ ದಪ್ಪದ ಹಲಗೆ ತುಂಡೊಂದು ಇರಲಿ. ಮಳೆಗಾಲದ ರಸ್ತೆ ಅಂಚಿನ ಮಣ್ಣಿನಲ್ಲಿ ಜಾಕಿ ಕಾರನ್ನು ಎತ್ತುವ ಬದಲು ತಾನೇ ಹೂತುಹೋಗುತ್ತದೆ, ಹಲಗೆ ಆ ಭಾರವನ್ನು ಹರಡುತ್ತದೆ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಅಲಾಯ್ ಚಕ್ರಕ್ಕೆ ಕಳ್ಳರ ಭಯದಿಂದ ಲಾಕ್ ನಟ್ ಹಾಕಿಸಿದ್ದರೆ ಅದರ ಕೀಲಿ ಮನೆಯ ಬೀರುವಿನಲ್ಲಲ್ಲ, ಜಾಕಿಯ ಚೀಲದಲ್ಲೇ ಇರಬೇಕು. ಕಾರು ಜಾಕಿಯ ಮೇಲಿರುವಾಗ ಮೈಯ ಯಾವ ಭಾಗವೂ ಅದರ ಕೆಳಗೆ ಹೋಗಬಾರದು. ಇಳಿಜಾರಿನಲ್ಲಿ ಉಳಿದ ಚಕ್ರಗಳಿಗೆ ಅಡ್ಡ ಕೊಡದೆ ಕೆಲಸ ಶುರು ಮಾಡಲೇಬೇಡಿ. ಅಡ್ಡ ಕೊಟ್ಟ ಕಲ್ಲನ್ನೂ ಹೊರಡುವಾಗ ತೆಗೆಯಿರಿ.

ಸಿಗರೇಟ್ ಲೈಟರಿನ ಜಾಗಕ್ಕೆ ಚುಚ್ಚುವ ಸಣ್ಣ ಗಾಳಿ ಪಂಪು ಬಹಳ ಉಪಕಾರಿ. ನಿಧಾನವಾಗಿ ಗಾಳಿ ಬಿಡುತ್ತಿರುವ ಟ್ಯೂಬ್‌ಲೆಸ್ ಟೈರನ್ನು ಮತ್ತೆ ಮತ್ತೆ ತುಂಬಿಸಿಕೊಂಡು ಮಾರನಹಳ್ಳಿಗೋ ಗುಂಡ್ಯಕ್ಕೋ ತಲುಪಿಬಿಡಬಹುದು.

ಬ್ಯಾಟರಿಗೆ ಜಂಪ್ ಕೇಬಲ್. ತೆಳುವಾದದ್ದು ಬಿಸಿಯಾಗುತ್ತದೆಯೇ ಹೊರತು ಗಾಡಿ ಎಬ್ಬಿಸುವುದಿಲ್ಲ. ಕೈಯಲ್ಲಿ ಹಿಡಿದು ತೂಕ ನೋಡಿ ಕೊಳ್ಳಿ. ಕೆಂಪು ತುದಿ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಕೆಂಪು ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ಕಪ್ಪು ಕೆಟ್ಟ ಗಾಡಿಯ ಎಂಜಿನ್ನಿನ ಬಣ್ಣ ಹಚ್ಚದ ಲೋಹಕ್ಕೆ. ಬಿಚ್ಚುವಾಗ ಇದರ ಉಲ್ಟಾ. ಒಂದು ಚೀಟಿಯಲ್ಲಿ ಬರೆದು ಕೇಬಲ್ಲಿಗೇ ಕಟ್ಟಿಬಿಡಿ.

ಫಸ್ಟ್ ಏಡ್ ಪೆಟ್ಟಿಗೆಯನ್ನು ತೆರೆದರೆ ಸಾಮಾನ್ಯವಾಗಿ ಒಣಗಿದ ಪ್ಲಾಸ್ಟರು, ಅವಧಿ ಮುಗಿದ ಮುಲಾಮು. ರಸ್ತೆಯಲ್ಲಿ ಬೇಕಾಗುವುದು ರಕ್ತ ನಿಲ್ಲಿಸುವ ವಸ್ತು: ದಪ್ಪ ಗಾಜ್ ಬಟ್ಟೆ (ಗಾಯದ ಮೇಲೆ ಇಡುವ ಜಾಳು ಬಟ್ಟೆ), ಅಗಲ ಬ್ಯಾಂಡೇಜು, ಕೈಗವಸು, ಬಟ್ಟೆ ಕತ್ತರಿಸುವ ಕತ್ತರಿ. ಅದೂ ಇಲ್ಲದಿದ್ದರೆ ಒಗೆದ ಪಂಚೆಯ ತುಂಡಾದರೂ ಸರಿ. ಗಾಯದ ಮೇಲೆ ಒತ್ತಿ ಹಿಡಿಯಿರಿ, ನಿಂತಿತೇ ಎಂದು ಗಳಿಗೆಗೊಮ್ಮೆ ತೆಗೆದು ನೋಡಬೇಡಿ. ಚುಚ್ಚಿಕೊಂಡ ಗಾಜು, ಕಬ್ಬಿಣ ಕೀಳಬೇಡಿ. ಪೆಟ್ಟು ಬಿದ್ದವರಿಗೆ ನೀರು ಕುಡಿಸಬೇಡಿ. ಪ್ರೀತಿಯಿಂದಲೇ ಕುಡಿಸುತ್ತಾರೆ, ಆದರೆ ಪ್ರಜ್ಞೆ ಮಂಕಾದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನು ರಾತ್ರಿ ಕಳೆಯಬೇಕಾಗಿ ಬಂದರೆ. ತಲೆಗೆ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಕೆಡದ ತಿಂಡಿ: ಶೇಂಗಾ ಚಿಕ್ಕಿ, ಹುರಿಗಡಲೆ, ಒಗ್ಗರಣೆ ಹಾಕಿದ ಅವಲಕ್ಕಿ. ಓಆರ್‌ಎಸ್ ಪೊಟ್ಟಣ, ಒಂದು ಕಂಬಳಿ, ಛತ್ರಿ, ಹಳೆಯ ಟವೆಲು, ದೊಡ್ಡ ಪ್ಲಾಸ್ಟಿಕ್ ಹಾಳೆ, ಸ್ಯಾನಿಟರಿ ಪ್ಯಾಡು, ಮಗುವಿದ್ದರೆ ಅದರ ಹಾಲಿನ ಪುಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ದಿನಕ್ಕೆ ಹೆಚ್ಚುವರಿಯಾಗಿ ನಿಮ್ಮ ಕೈಚೀಲದಲ್ಲಿರಲಿ, ಕಾರಿನಲ್ಲಲ್ಲ. ಬಿಸಿಲಿಗೆ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ 50 ಡಿಗ್ರಿ ದಾಟಬಹುದು. ಇನ್ಸುಲಿನ್ ಅಲ್ಲಿ ಹಾಳಾಗುತ್ತದೆ. ಪವರ್ ಬ್ಯಾಂಕು, ಸ್ಯಾನಿಟೈಸರು, ಡಿಯೋಡರೆಂಟ್ ಡಬ್ಬಿಗಳನ್ನೂ ಬಿಸಿಲಿನ ಕಾರಿನಲ್ಲಿ ಬಿಡಬಾರದು. ಚಳಿಗೆಂದು ಗಾಜು ಮುಚ್ಚಿ ಎಂಜಿನ್ ಓಡಿಸಿಕೊಂಡು ಮಲಗಬೇಡಿ. ಸೈಲೆನ್ಸರ್ ಕೆಸರಿನಲ್ಲೋ ನೀರಿನಲ್ಲೋ ಹೂತಿದ್ದರೆ ವಿಷದ ಹೊಗೆ ಒಳಗೆ ಬರುತ್ತದೆ, ವಾಸನೆಯೂ ತಿಳಿಯುವುದಿಲ್ಲ. ಕಂಬಳಿ ಇರುವುದು ಅದಕ್ಕೇ.

ನಂಬರುಗಳನ್ನು ಫೋನಿನಲ್ಲಲ್ಲದೆ ಕಾಗದದಲ್ಲೂ ಬರೆದಿಡಿ. ಎಲ್ಲ ತುರ್ತಿಗೂ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗುತ್ತದೆ, ಪ್ರಯತ್ನಿಸಿ. ಎಲ್ಲಿದ್ದೀರಿ ಎಂದು ಕೇಳಿದಾಗ ‘ಒಂದು ದೊಡ್ಡ ತಿರುವು, ಪಕ್ಕದಲ್ಲಿ ಝರಿ’ ಎಂದರೆ ಘಾಟಿಯಲ್ಲಿ ಯಾರಿಗೂ ತಿಳಿಯದು. ಹಿಂದೆ ದಾಟಿದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಸಿಗ್ನಲ್ ಇಲ್ಲದಲ್ಲಿ ಯುಪಿಐ ಕೂಡ ಇಲ್ಲ, ಸ್ವಲ್ಪ ಚಿಲ್ಲರೆ ನೋಟು ಕಾರಿನಲ್ಲಿರಲಿ.

ಇಷ್ಟನ್ನೂ ಜೋಡಿಸಿದ ಮೇಲೆ ಒಂದು ಭಾನುವಾರ ಮನೆ ಮುಂದೆ ಎಲ್ಲರನ್ನೂ ಸೇರಿಸಿ. ದೀಪ ಆರಿಸಿ, ಟಾರ್ಚು ತೆಗೆಯಲು ಮಗಳಿಗೆ ಹೇಳಿ. ತ್ರಿಕೋನ ಜೋಡಿಸಲು ಅತ್ತೆಗೆ ಹೇಳಿ. ಒಂದು ಚಕ್ರ ಬಿಚ್ಚಿ ಹಾಕಲು ಗಾಡಿ ಓಡಿಸದವರಿಗೆ ಹೇಳಿ. ಎಲ್ಲಿ ತಡಕಾಡುತ್ತಾರೋ ನೋಡಿ, ಆ ವಸ್ತುವಿನ ಜಾಗ ಬದಲಿಸಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ.

“ಅಪಘಾತವಾದವರಿಗೆ ನೆರವಾದರೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕಾಗುತ್ತಲ್ಲ ಸಾರ್?” ಎಂದು ಒಬ್ಬರು ಕೇಳಿದರು. ಈ ಭಯದಿಂದಲೇ ಎಷ್ಟೋ ಗಾಡಿಗಳು ನಿಲ್ಲದೆ ಹೋಗುತ್ತವೆ. 2016ರಲ್ಲಿ ಸುಪ್ರೀಂ ಕೋರ್ಟು ನೆರವಾದವರ ರಕ್ಷಣೆಗೆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನೇ ಸೇರಿಸಲಾಯಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ನಿಲ್ಲಿಸಿ, ನೆರವಾಗಿ. ನಿಮ್ಮ ಕಾರಿನ ಗಾಜ್ ಬಟ್ಟೆ ಇನ್ನೊಬ್ಬರ ಗಾಯಕ್ಕೆ ಖರ್ಚಾಗುವುದೇ ಹೆಚ್ಚು.

ಎಲೆಕ್ಟ್ರಿಕ್ ಕಾರಿನವರೊಬ್ಬರು ಜಂಪ್ ಕೇಬಲ್ ಬೇಕೇ ಎಂದರು. ನಿಮ್ಮ ಗಾಡಿಯಲ್ಲೂ ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ, ಆದರೆ ಅದನ್ನು ಎಬ್ಬಿಸುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಕೈಪಿಡಿ ನೋಡದೆ ಮುಟ್ಟಬೇಡಿ. ಎಳೆಸುವುದಾದರೆ ಹಗ್ಗ ಕಟ್ಟಿ ಚಕ್ರ ಉರುಳಿಸಬೇಡಿ, ಪೂರಾ ಗಾಡಿಯನ್ನು ಮೇಲೆ ಹೇರಿಕೊಳ್ಳುವ ಲಾರಿಯನ್ನೇ ಕರೆಸಿ. ದೊಡ್ಡ ಬ್ಯಾಟರಿಗೆ ಬೆಂಕಿ ಹತ್ತಿದರೆ ಒಂದು ಕಿಲೋ ಪುಡಿಯಿಂದ ಏನೂ ಆಗುವುದಿಲ್ಲ. ಇಳಿದು ದೂರ ಓಡಿ.

ಕೊನೆಯದು ಹಿರಿಯರೊಬ್ಬರ ಪ್ರಶ್ನೆ: “ಒಂದು ಕ್ಯಾನಿನಲ್ಲಿ ಐದು ಲೀಟರ್ ಪೆಟ್ರೋಲ್ ಡಿಕ್ಕಿಯಲ್ಲಿ ಇಟ್ಟುಕೊಂಡರೆ ಹೇಗೆ?” ಬೇಡ ಯಜಮಾನರೇ. ಪ್ಲಾಸ್ಟಿಕ್ ಕ್ಯಾನಿನಿಂದ ಆವಿ ಸೋರುತ್ತದೆ, ಮುಚ್ಚಿದ ಕಾರಿನಲ್ಲಿ ಒಂದು ಕಿಡಿ ಸಾಕು. ಅದರ ಬದಲು ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಕೆಳಗಿನಿಂದ ಬರುವವರು ಉಪ್ಪಿನಂಗಡಿಯಲ್ಲೋ ನೆಲ್ಯಾಡಿಯಲ್ಲೋ ತುಂಬಿಸಲಿ. ಎಸಿ ಹಾಕಿ ನಿಂತ ಕಾರು ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ಅರ್ಧ ಟ್ಯಾಂಕ್ ಇದ್ದರೂ ಆಗಾಗ ಹತ್ತು ನಿಮಿಷ ಎಂಜಿನ್ ಓಡಿಸಿ ಫೋನ್ ಚಾರ್ಜು ಮಾಡಿಕೊಂಡು, ಗಾಜಿನ ಮಂಜು ಒರೆಸಿಕೊಂಡು, ರಸ್ತೆ ತೆರೆದ ಮೇಲೆ ಊರು ಸೇರುವಷ್ಟು ಉಳಿಯುತ್ತದೆ.